ಕೃತಿಯ ಮೇಲಿನ ಸಂಶಯ, ಕರ್ತೃವಿನ ಮೇಲಿನ ಸಂಶಯ
(ದತ್ತಿ ಉಪನ್ಯಾಸದ ಲಿಖಿತ ರೂಪ)



ಸಾಹಿತ್ಯ, ಕಲೆಗಳಿಗೆಂದು ಮೀಸಲಾದ ದತ್ತಿಗೆ ಈ ಸಲ ಒಬ್ಬ ಆಪ್ತಸಮಾಲೋಚಕಿಯನ್ನು ಕರೆದಿದ್ದೀರಿ. ಕೃತಿಗಳ ಬಗ್ಗೆ ಮಾತನಾಡಲು ನನಗಿಂತ ಬಲ್ಲವರು ಇಲ್ಲೇ ಇದ್ದಾರೆ. ನಾನು ಮಾತನಾಡಬೇಕೆಂದಿರುವುದು ಹುಟ್ಟದೇ ಉಳಿದ ಕೃತಿಗಳ ಬಗ್ಗೆ. ಕೈಯಲ್ಲಿ ಕಸುಬಿದ್ದೂ, ಹೆಸರಿದ್ದೂ, ತಮ್ಮನ್ನು ತಾವೇ ನಂಬಲಾರದೆ ತಿಂಗಳುಗಟ್ಟಲೆ ಸುಮ್ಮನೆ ಕೂತುಬಿಡುವವರ ಬಗ್ಗೆ. ಅಂಥವರ ಮಾತು ಕೇಳಿಸಿಕೊಳ್ಳುವುದೇ ನನ್ನ ದಿನನಿತ್ಯದ ಕೆಲಸ.

ನನಗೆ ಗೊತ್ತಿರುವ ಉದಾಹರಣೆಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು ರಷ್ಯಾದ ಸಂಗೀತ ರಚನಕಾರ ಸೆರ್ಗೆಯ್ ರಾಖ್ಮಾನಿನೊವ್‌ನದು. 1897ರ ಮಾರ್ಚ್ ತಿಂಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವನ ಮೊದಲ ಸಿಂಫನಿಯ ಮೊದಲ ಪ್ರದರ್ಶನ ನಡೆಯಿತು. ಅವನಿಗೆ ಆಗ 24 ಕೂಡ ತುಂಬಿರಲಿಲ್ಲ. ವಾದ್ಯವೃಂದವನ್ನು ನಡೆಸಿದವನು ಗ್ಲಾಜುನೊವ್. ತಾಲೀಮು ಸಾಲದಾಗಿತ್ತು. ಅದೇ ಸಂಜೆ ಇನ್ನೆರಡು ಹೊಸ ಕೃತಿಗಳೂ ಕಾರ್ಯಕ್ರಮದಲ್ಲಿದ್ದವು. ತನ್ನ ಕೃತಿ ಹದಗೆಡುವುದನ್ನು ಒಳಗೆ ಕೂತು ಕೇಳಲಾರದೆ ಹುಡುಗ ಮೆಟ್ಟಿಲ ಮೇಲೆ ಅವಿತು, ಆಗಾಗ ಕಿವಿ ಮುಚ್ಚಿಕೊಳ್ಳುತ್ತಿದ್ದನಂತೆ. ಸೀಸರ್ ಕ್ಯೂಯಿ ಎಂಬ ವಿಮರ್ಶಕ, ನರಕದಲ್ಲೊಂದು ಸಂಗೀತಶಾಲೆ ಇದ್ದಿದ್ದರೆ ಅಲ್ಲಿನವರಿಗೆ ಈ ಕೃತಿ ಬಹಳ ಮೆಚ್ಚುಗೆಯಾಗುತ್ತಿತ್ತು ಎಂಬರ್ಥದ ವಿಮರ್ಶೆ ಬರೆದ. ಮುಂದಿನ ಮೂರು ವರ್ಷ ರಾಖ್ಮಾನಿನೊವ್ ಹೇಳಿಕೊಳ್ಳುವಂಥ ದೊಡ್ಡ ಕೃತಿ ಯಾವುದನ್ನೂ ರಚಿಸಲಿಲ್ಲ.

ಹಾಗೆಂದು ಅವನು ಕೆಲಸ ಬಿಟ್ಟು ಮಲಗಿರಲಿಲ್ಲ. ಪಿಯಾನೊ ಪಾಠ ಹೇಳುತ್ತಿದ್ದ. ಮಾಸ್ಕೋದ ಖಾಸಗಿ ಆಪರಾ ಕಂಪನಿಯೊಂದರಲ್ಲಿ ವಾದ್ಯವೃಂದ ನಡೆಸಿದ. 1899ರಲ್ಲಿ ಲಂಡನ್ನಿಗೆ ಹೋಗಿ ಕಛೇರಿ ಮಾಡಿ ಬಂದ. ದುಡಿಮೆ ನಿಲ್ಲಲಿಲ್ಲ, ರಚನೆ ನಿಂತಿತು. ಈ ಒಂದು ಸಂಗತಿಯನ್ನು ದಯವಿಟ್ಟು ಗಮನಿಸಿ. ಸೃಜನಶೀಲರ ಆತ್ಮಸಂಶಯ ಹೊರಗಿನವರ ಕಣ್ಣಿಗೆ ಬೀಳುವುದು ಅಪರೂಪ. ವೇದಿಕೆಯ ಮೇಲೆ ನಗುತ್ತಾರೆ, ಸಂದರ್ಶನ ಕೊಡುತ್ತಾರೆ, ಬೇರೆಯವರ ಪುಸ್ತಕಕ್ಕೆ ಮುನ್ನುಡಿ ಬರೆಯುತ್ತಾರೆ. ತಮ್ಮದೇ ಕಾದಂಬರಿ ಮಾತ್ರ ಎರಡನೆಯ ಅಧ್ಯಾಯದಲ್ಲಿ ನಿಂತಿರುತ್ತದೆ. ಮನೆಯವರಿಗೂ ಅದು ಗೊತ್ತಿರುವುದಿಲ್ಲ.

ಬಂಧುಗಳು, ಸ್ನೇಹಿತರು ಏನು ಮಾಡಿದರು ಎಂಬುದು ಇನ್ನೂ ಮುಖ್ಯ. ದೊಡ್ಡವರೊಬ್ಬರ ಮಾತು ಕೇಳಿದರೆ ಹುಡುಗ ಚೇತರಿಸಿಕೊಂಡಾನು ಎಂದು ಅವನನ್ನು ಟಾಲ್‌ಸ್ಟಾಯ್ ಅವರಲ್ಲಿಗೆ ಕಳಿಸಿದರು. 1900ರ ಜನವರಿಯಲ್ಲಿ ಗಾಯಕ ಶಾಲ್ಯಾಪಿನ್ ಜೊತೆ ಹೋಗಿ ಅವನು ತನ್ನದೊಂದು ಹಾಡನ್ನು ನುಡಿಸಿದ. ಕೇಳಿದ ಟಾಲ್‌ಸ್ಟಾಯ್, ಇಂಥ ಸಂಗೀತ ಯಾರಿಗಾದರೂ ಬೇಕೆ ಎಂದು ಪ್ರಶ್ನಿಸಿದರು. ಜಗತ್ತಿನ ಬಹು ದೊಡ್ಡ ಕಾದಂಬರಿಕಾರ, ಮನುಷ್ಯರ ಒಳಗನ್ನು ಅಷ್ಟು ಆಳವಾಗಿ ಬಲ್ಲವರು, ಎದುರಿಗೆ ಕೂತ ಒಬ್ಬ ಮನುಷ್ಯನನ್ನು ಇನ್ನಷ್ಟು ಕುಗ್ಗಿಸಿ ಕಳಿಸಿದರು. ಅವರಲ್ಲಿ ಕೆಡುಕು ಇರಲಿಲ್ಲ. ಕಲೆಯ ಬಗ್ಗೆ ಅವರು ತಮ್ಮ ನಂಬಿಕೆಯನ್ನೇ ಹೇಳಿದರು. ಆದರೆ ಹುಡುಗ ಕಲೆಯ ಬಗ್ಗೆ ತೀರ್ಪು ಕೇಳಲು ಬಂದಿರಲಿಲ್ಲ.

ನಮ್ಮಲ್ಲೂ ಇದು ದಿನವೂ ನಡೆಯುತ್ತದೆ. ಬರೆಯಲಾಗುತ್ತಿಲ್ಲ ಎಂದು ಕೊರಗುವವನನ್ನು ಯಾರೋ ಹಿರಿಯ ಸಾಹಿತಿಯ ಮನೆಗೆ ಕರೆದೊಯ್ಯುತ್ತೇವೆ. ಹಿರಿಯರು ಪ್ರೀತಿಯಿಂದಲೇ ತಮ್ಮ ಕಾಲದ ಕಷ್ಟಗಳನ್ನು ಹೇಳುತ್ತಾರೆ, ಓದು ಹೆಚ್ಚಿಸು ಎನ್ನುತ್ತಾರೆ. ಅವನು ಕಾಲಿಗೆ ನಮಸ್ಕರಿಸಿ ಹೊರಬರುತ್ತಾನೆ. ಇಂಥವರ ಮುಂದೆ ನಾನು ಏನೂ ಅಲ್ಲ ಎಂಬ ಭಾವ ಬಸ್‌ಸ್ಟಾಪು ತಲುಪುವ ಹೊತ್ತಿಗೆ ಗಟ್ಟಿಯಾಗಿರುತ್ತದೆ. ಹಿರಿತನವೇ ಬೇರೆ, ಆಪ್ತಸಮಾಲೋಚನೆಯೇ ಬೇರೆ.

ಕೊನೆಗೆ ರಾಖ್ಮಾನಿನೊವ್‌ನ ಬಂಧುಗಳು ಅವನನ್ನು ನಿಕೊಲಾಯ್ ಡಾಲ್ ಎಂಬ ವೈದ್ಯರ ಬಳಿ ಕರೆದೊಯ್ದರು. ಡಾಲ್ ಸ್ವತಃ ಸಂಗೀತಪ್ರಿಯರು. 1900ರ ಜನವರಿಯಿಂದ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಪ್ರತಿದಿನ ಅವನು ಅಲ್ಲಿಗೆ ಹೋದ. ಆ ಕಾಲದ ರೂಢಿಯಂತೆ ಡಾಲ್ ಸಂಮೋಹನ ಬಳಸಿದರು. ಆರಾಮಕುರ್ಚಿಯಲ್ಲಿ ಅರೆನಿದ್ರೆಯಲ್ಲಿದ್ದವನಿಗೆ, ನೀನು ಕೃತಿ ಆರಂಭಿಸುವೆ, ಅದು ಸರಾಗವಾಗಿ ಸಾಗುತ್ತದೆ, ಚೆನ್ನಾಗಿಯೇ ಬರುತ್ತದೆ ಎಂದು ದಿನದಿನವೂ ಹೇಳುತ್ತಿದ್ದರಂತೆ. ಸಂಗೀತದ ಬಗ್ಗೆ ಬಹಳ ಹೊತ್ತು ಮಾತುಕತೆಯೂ ನಡೆಯುತ್ತಿತ್ತು. ಮೊದಲು ಅವನ ನಿದ್ರೆ, ಹಸಿವು, ಲವಲವಿಕೆ ಮರಳಬೇಕು, ರಚನೆ ಆಮೇಲೆ ಎಂಬುದು ಅವರ ಲೆಕ್ಕ.

ಇಂದು ನನ್ನಂಥವರು ಹಾಗೆ ಸಂಮೋಹನ ಮಾಡುವುದಿಲ್ಲ. ಅವನನ್ನು ಎತ್ತಿ ನಿಲ್ಲಿಸಿದ್ದು ಅದೊಂದೇ ಎಂದು ನನಗೆ ಅನ್ನಿಸುವುದೂ ಇಲ್ಲ. ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಕೋಣೆಯಲ್ಲಿ, ತನ್ನಿಂದ ಏನನ್ನೂ ಬಯಸದ ಒಬ್ಬ ಮನುಷ್ಯ ಕಾದಿರುತ್ತಾನೆ. ಅವನು ಸಿಂಫನಿಯನ್ನು ಹೊಗಳುವುದಿಲ್ಲ, ತೆಗಳುವುದಿಲ್ಲ, ತಿದ್ದುವುದಿಲ್ಲ. ನೊಂದ ಕಲಾವಿದನಿಗೆ ಇಷ್ಟು ಸಿಕ್ಕರೆ ಅರ್ಧ ದಾರಿ ಸಾಗಿದಂತೆ. ಅದೇ ವರ್ಷ ಅವನು ಎರಡನೆಯ ಪಿಯಾನೊ ಕಾನ್ಸರ್ಟೊವನ್ನು ಬರೆಯತೊಡಗಿದ. 1901ರಲ್ಲಿ ಅದು ಪೂರ್ತಿಯಾಗಿ ಮಾಸ್ಕೋದಲ್ಲಿ ಪ್ರದರ್ಶನಗೊಂಡಿತು. ಜಗತ್ತಿನಲ್ಲಿ ಅತಿ ಹೆಚ್ಚು ಕೇಳಿಬರುವ ಪಿಯಾನೊ ಕೃತಿಗಳಲ್ಲಿ ಅದೂ ಒಂದು. ಅರ್ಪಣೆ ಡಾಕ್ಟರ್ ಡಾಲ್ ಅವರಿಗೆ.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತಾರೆ. ಅದರ ಮುಂದಿನ ಸಣ್ಣ ಘಟನೆಯೇ ನನ್ನ ಕಸುಬಿಗೆ ಹೆಚ್ಚು ಬೇಕಾದದ್ದು. ಪ್ರದರ್ಶನಕ್ಕೆ ಕೆಲವೇ ದಿನಗಳಿದ್ದಾಗ ಮೊರೊಜೊವ್ ಎಂಬ ಗೆಳೆಯ ಮೊದಲ ಭಾಗದ ಬಗ್ಗೆ ಏನೋ ಆಕ್ಷೇಪ ಎತ್ತಿದ. ರಾಖ್ಮಾನಿನೊವ್ ತಕ್ಷಣ ಕುಸಿದ. ನೀನು ಹೇಳಿದ್ದೇ ಸರಿ, ಇಡೀ ಭಾಗ ಕೆಟ್ಟಿದೆ ಎಂಬ ಧಾಟಿಯಲ್ಲಿ ಅವನಿಗೆ ಪತ್ರ ಬರೆದ. ಅಂದರೆ ಚಿಕಿತ್ಸೆಯಿಂದ ಸಂಶಯ ಹೋಗಿರಲಿಲ್ಲ. ಆದರೂ ನಿಗದಿಯಾದ ದಿನ ಅವನೇ ವೇದಿಕೆ ಹತ್ತಿ ಪಿಯಾನೊ ಮುಂದೆ ಕೂತ. 1897ರಲ್ಲಿ ಮೂರು ವರ್ಷ ಕಸಿದುಕೊಂಡಿದ್ದ ಅದೇ ಸಂಶಯ ಈಗ ಕೆಲವು ದಿನಗಳನ್ನಷ್ಟೇ ಕಸಿಯಿತು. ಆಪ್ತಸಮಾಲೋಚನೆಯಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ವ್ಯತ್ಯಾಸವನ್ನೇ ತೋರಿಸುತ್ತೇನೆ.

ಸಂಶಯವನ್ನು ಬೇರುಸಹಿತ ಕಿತ್ತುಹಾಕುವುದು ನಮ್ಮ ಗುರಿಯಲ್ಲ. ಈ ಸಾಲು ಸರಿಯಿಲ್ಲ, ಈ ದೃಶ್ಯ ಎಳೆದಾಡುತ್ತಿದೆ, ಈ ಬಣ್ಣ ಕೂಡುತ್ತಿಲ್ಲ ಎಂಬ ಸಂಶಯ ಇಲ್ಲದವರು ಒಳ್ಳೆಯದನ್ನು ಮಾಡಲಾರರು. ತೊಂದರೆ ಶುರುವಾಗುವುದು ಸಾಲಿನ ಮೇಲಿನ ಸಂಶಯ ಸಾಲು ಬರೆದವರ ಮೇಲೆ ತಿರುಗಿದಾಗ. ‘ಇದು ಸರಿಬಂದಿಲ್ಲ’ ಎನ್ನುವವರಿಗೆ ಮಾಡಲು ಕೆಲಸವಿದೆ. ‘ನಾನೇ ಸರಿಯಿಲ್ಲ’ ಎನ್ನುವವರಿಗೆ ತಿದ್ದಲು ಏನೂ ಸಿಗುವುದಿಲ್ಲ. ಅವರು ಸುಮ್ಮನಾಗುತ್ತಾರೆ.

ಕನ್ನಡದಲ್ಲಿ ಈ ತಿರುವು ಸುಲಭವಾಗಿ ಆಗಲು ಒಂದು ಕಾರಣವಿದೆ. ಪ್ರತಿಭೆ ಹುಟ್ಟಿನಿಂದ ಬಂದದ್ದು, ದೇವರು ಕೊಟ್ಟದ್ದು ಎಂದು ನಾವು ಬಹಳ ಗಟ್ಟಿಯಾಗಿ ನಂಬಿದ್ದೇವೆ. ಇಟ್ಟ ಪದವನ್ನು ಮತ್ತೆ ಅಳಿಸದ ಹಿರಿಮೆ ತನ್ನದೆಂದು ಕುಮಾರವ್ಯಾಸ ಹೇಳಿಕೊಂಡದ್ದನ್ನು ಶಾಲೆಯಲ್ಲೇ ಕೇಳಿ ಬೆಳೆದವರು ನಾವು. ಅವನ ಕಾವ್ಯದ ಮುಂದೆ ಆ ಮಾತು ಸಲ್ಲುತ್ತದೆ. ಆದರೆ ಹತ್ತು ಸಲ ಬರೆದು ಹತ್ತೂ ಸಲ ಹೊಡೆದುಹಾಕುವ ಹುಡುಗಿಯೊಬ್ಬಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಜಿನ ಮುಂದೆ ಕೂತರೆ, ಅಳಿಸಿದ ಪ್ರತಿ ಪದವೂ ತನಗೆ ಪ್ರತಿಭೆಯಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಕಾಣುತ್ತದೆ.

ಮುದ್ದಣನನ್ನು ನೆನೆಯಿರಿ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ ‘ರಾಮಾಶ್ವಮೇಧ’ದಂಥ ಕೃತಿಯನ್ನು ಬರೆದೂ ತಾನೇ ಬರೆದದ್ದೆಂದು ಹೇಳಿಕೊಳ್ಳಲಿಲ್ಲ. ಯಾರೋ ಹಳಗಾಲದ ಕವಿಯದೆಂಬಂತೆ ಅದನ್ನು ಮೈಸೂರಿಗೆ ಕಳಿಸಿದರು. ಹೊಸಬನ ಕೃತಿಯೆಂದರೆ ವಿದ್ವಾಂಸರು ಕಣ್ಣೆತ್ತಿಯೂ ನೋಡಲಾರರೆಂಬ ಅಳುಕೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. 1901ರಲ್ಲಿ, 31ರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಾಗ ಅವರಿಗೆ ಸಲ್ಲಬೇಕಾದ ಹೆಸರು ಸಂದಿರಲಿಲ್ಲ. ರಾಖ್ಮಾನಿನೊವ್‌ನ ಕಾನ್ಸರ್ಟೊ ಮಾಸ್ಕೋದಲ್ಲಿ ಪೂರ್ತಿಯಾಗಿ ಕೇಳಿಸಿದ್ದೂ ಅದೇ ವರ್ಷ. ಒಬ್ಬನಿಗೆ ಡಾಲ್ ಸಿಕ್ಕರು. ಇನ್ನೊಬ್ಬರಿಗೆ ಬಡತನ, ಕಾಯಿಲೆ, ಅಳುಕು ಮೂರೂ ಒಟ್ಟಿಗೇ ಬಂದವು.

ತಮ್ಮನ್ನು ತಾವೇ ನಂಬಲಾಗದ ಇಂಥ ಅಳುಕನ್ನು ಕುರಿತು 1978ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ಪ್ರಬಂಧ ಪ್ರಕಟಿಸಿದರು. ಓದು, ಉದ್ಯೋಗಗಳಲ್ಲಿ ಎತ್ತರಕ್ಕೇರಿದ 150ಕ್ಕೂ ಹೆಚ್ಚು ಮಹಿಳೆಯರೊಂದಿಗೆ ಅವರು ಕೆಲಸ ಮಾಡಿದ್ದರು. ನಮಗೆ ಯೋಗ್ಯತೆಯಿಲ್ಲ, ಹೇಗೋ ಎಲ್ಲರ ಕಣ್ಣಿಗೆ ಮಣ್ಣೆರಚಿ ಇಲ್ಲಿಗೆ ಬಂದೆವು, ಒಂದು ದಿನ ಬಣ್ಣ ಬಯಲಾಗುತ್ತದೆ ಎಂಬ ಭಯ ಆ ಮಹಿಳೆಯರಲ್ಲಿತ್ತು. ‘ಇಂಪೋಸ್ಟರ್ ಸಿಂಡ್ರೋಮ್’ ಎಂದು ಇವತ್ತು ಎಲ್ಲರ ಬಾಯಲ್ಲಿರುವುದು ಅಲ್ಲಿಂದ ಬಂದದ್ದು. ಅದು ರೋಗವಲ್ಲ, ಮಾನಸಿಕ ಕಾಯಿಲೆಗಳ ಪಟ್ಟಿಯಲ್ಲೂ ಇಲ್ಲ. ಇಂಥವರಿಗೆ ಹೊಗಳಿಕೆ ನಾಟುವುದಿಲ್ಲ. ‘ನೀನು ಗ್ರೇಟ್ ಬಿಡಮ್ಮ’ ಎಂದರೆ, ಇವರನ್ನೂ ಏಮಾರಿಸಿದೆನಲ್ಲ ಎಂದು ಒಳಗೇ ಕುಗ್ಗುತ್ತಾರೆ. ಪ್ರಶಸ್ತಿ ಬಂದ ವಾರವೇ ನನ್ನ ಬಳಿ ಬಂದವರಿದ್ದಾರೆ. ಕ್ಲಾನ್ಸ್ ಮತ್ತು ಐಮ್ಸ್ ಗುಂಪು ಸಮಾಲೋಚನೆಯನ್ನು ಸೂಚಿಸಿದ್ದರು. ಎದುರಿಗೆ ಕೂತ ಇನ್ನೊಬ್ಬಳು ತನ್ನ ಕಣ್ಣೆದುರಿಗಿರುವ ಗೆಲುವನ್ನು ಅಲ್ಲಗಳೆಯುವುದು ತಟ್ಟನೆ ಕಾಣುತ್ತದೆ. ತಾನೂ ಅದನ್ನೇ ಮಾಡುತ್ತಿದ್ದೇನೆಂಬುದು ಆಗ ಹೊಳೆಯುತ್ತದೆ.

ಕೋಣೆಯೊಳಗೆ ನಿಜವಾಗಿ ಏನು ನಡೆಯುತ್ತದೆ ಎಂದು ಹೇಳದೆ ಮುಂದೆ ಹೋದರೆ ಈ ಉಪನ್ಯಾಸಕ್ಕೆ ಅರ್ಥವಿಲ್ಲ. ಗುರುತು ಸಿಗದಿರಲೆಂದು ಹಲವರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿ ಹೇಳುತ್ತೇನೆ. ಅವರು ಟಿ.ವಿ. ಧಾರಾವಾಹಿಗೆ ಸಂಭಾಷಣೆ ಬರೆಯುವವರು ಎಂದಿಟ್ಟುಕೊಳ್ಳಿ. ವಾರವಿಡೀ ಸಂಚಿಕೆ ಸಾಗಬೇಕು. ಕಲಾವಿದರು ಮೇಕಪ್‌ಗೆ ಕೂತಾಗ ಇವರ ಪುಟಗಳು ವಾಟ್ಸ್ಆ್ಯಪ್‌ನಲ್ಲಿ ಸೆಟ್ ತಲುಪುತ್ತವೆ. ಗುರುವಾರ ರೇಟಿಂಗ್ ಬರುತ್ತದೆ. ಬುಧವಾರ ರಾತ್ರಿ ಇವರಿಗೆ ನಿದ್ದೆಯಿಲ್ಲ. ನನ್ನ ಬಳಿ ಬರುವ ಹೊತ್ತಿಗೆ, ಅತ್ತೆ ಬಾಗಿಲಲ್ಲಿ ನಿಂತು ಸೊಸೆಯನ್ನು ‘ಊಟ ಆಯ್ತಾ?’ ಎಂದು ಕೇಳುವ ಸಾಲಿಗಾಗಿ ಬೆಳಗಿನ ಜಾವದವರೆಗೆ ಎದ್ದಿರುವ ಸ್ಥಿತಿ. ‘ಆಯ್ತಾ’ ಬೇಕೋ ‘ಆಗಿದ್ಯಾ’ ಬೇಕೋ ಎಂದು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ‘ನನ್ನ ಸರಕು ಖಾಲಿಯಾಗಿದೆ ಮೇಡಂ, ಇಷ್ಟು ದಿನ ಅದೃಷ್ಟ ಕೈಹಿಡಿದಿತ್ತು’ ಎನ್ನುವುದು ಅವರ ಮೊದಲ ಮಾತು.

ನಾನು ಸ್ಕ್ರಿಪ್ಟ್ ತೋರಿಸಿ ಎನ್ನುವುದಿಲ್ಲ. ಮೊದಲು ಕೇಳುವುದು ನಿದ್ದೆ, ಊಟ, ಕುಡಿತ, ಸಾಲ, ಮನೆ. ಅನಂತರ ಬರೆಯಲು ಕೂತ ಆ ಒಂದು ಗಂಟೆಯನ್ನು ಬಿಡಿಸಿ ಹೇಳಿಸುತ್ತೇನೆ. ಎಷ್ಟು ಗಂಟೆಗೆ ಕೂತಿರಿ, ಎದೆ ಯಾವಾಗ ಬಿಗಿಯಿತು, ಬಿಗಿದಾಗ ತಲೆಯಲ್ಲಿ ಹಾದುಹೋದ ಮಾತು ಯಾವುದು? ‘ಈ ಸಲ ಸಿಕ್ಕಿಬೀಳ್ತೀನಿ.’ ಇದೇ ಆ ಮಾತು. ಕರೆಯದೆ ತಾನಾಗಿ ನುಗ್ಗುವ ಇಂಥ ಆಲೋಚನೆಗಳನ್ನು ಹಿಡಿದು ಪರೀಕ್ಷಿಸುವ ವಿಧಾನವನ್ನು ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದರು. ಒಂದು ನೋಟ್‌ಬುಕ್, ಮಧ್ಯೆ ಒಂದು ಗೆರೆ. ಎಡಗಡೆ ತಲೆಯಲ್ಲಿ ಬಂದ ಮಾತು, ಬಲಗಡೆ ಆಮೇಲೆ ನಿಜವಾಗಿ ನಡೆದದ್ದು. ಎಡಗಡೆ ‘ಸಿಕ್ಕಿಬೀಳ್ತೀನಿ’. ಬಲಗಡೆ ‘ಕಲಾವಿದೆ ಒಂದಕ್ಷರ ಬದಲಿಸದೆ ಹೇಳಿದರು, ಮೊದಲ ಟೇಕೇ ಓಕೆ’. ಎಡಗಡೆ ‘ನನ್ನಿಂದಲೇ ರೇಟಿಂಗ್ ಬಿತ್ತು’. ಬಲಗಡೆ ಬರೆಯಲು ಹೋದಾಗ, ಆ ವಾರ ಐಪಿಎಲ್ ಶುರುವಾಗಿತ್ತು, ಆ ಹೊತ್ತಿನ ಧಾರಾವಾಹಿಗಳೆಲ್ಲ ಇಳಿದಿದ್ದವು ಎಂಬುದು ನೆನಪಾಯಿತು. ಇನ್ನೊಂದು ಪುಟದಲ್ಲಿ ಅವರೇ ಬರೆದರು: ‘ಈ ಸಂಚಿಕೆ ನಿಜಕ್ಕೂ ಸೊರಗಿತ್ತು, ಆಸ್ಪತ್ರೆಯ ದೃಶ್ಯ ಅನಗತ್ಯ.’ ಅದನ್ನು ಓದಿದ ದಿನ ನನಗೆ ಸಮಾಧಾನವಾಯಿತು. ಸಂಶಯ ಅವರನ್ನು ಬಿಟ್ಟು ದೃಶ್ಯದ ಕಡೆಗೆ ಹೋಗಿತ್ತು.

ಜೊತೆಜೊತೆಗೆ ಸಣ್ಣಪುಟ್ಟ ಪ್ರಯೋಗಗಳೂ ನಡೆಯುತ್ತವೆ. ಒಂದು ಸಾಲಿಗೆ ಇಷ್ಟೇ ಹೊತ್ತು ಎಂದು ಗೊತ್ತುಮಾಡಿ, ಆಮೇಲೆ ಹೇಗಿದ್ದರೂ ಕಳಿಸುವುದು. ಕರಡನ್ನು ಕರಡಾಗಿಯೇ ನಂಬಿಕಸ್ತರಿಬ್ಬರಿಗೆ ತೋರಿಸುವುದು. ಮಾಡಿ ಮುಗಿಸಿದ ಕೆಲಸ ಕೊಡುವಷ್ಟು ಧೈರ್ಯವನ್ನು ಯಾರ ಉಪದೇಶವೂ ಕೊಡದು. ಆಲ್ಬರ್ಟ್ ಬಂಡೂರ 1977ರಲ್ಲಿ ಆತ್ಮವಿಶ್ವಾಸದ ಮೂಲಗಳನ್ನು ಗುರುತಿಸಿದಾಗ ಮೊದಲ ಸ್ಥಾನ ಕೊಟ್ಟದ್ದೂ ಇದಕ್ಕೇ.

ಇಲ್ಲಿ ನನ್ನ ಕಸುಬಿನವರಿಗೂ ಒಂದು ಮಾತು ಹೇಳಬೇಕು. ಯಕ್ಷಗಾನ ಮೇಳದ ವೇಷಧಾರಿ ಬಂದಾಗ ‘ರಾತ್ರಿ ಹತ್ತಕ್ಕೆ ಮಲಗಿ’ ಎನ್ನುವ ಸಮಾಲೋಚಕರು ಅವರ ಬದುಕನ್ನು ಅರಿತವರಲ್ಲ. ತಿರುಗಾಟದ ಆರು ತಿಂಗಳು ಅವರಿಗೆ ರಾತ್ರಿಯೇ ಕೆಲಸದ ಹೊತ್ತು. ಇನ್ನೂ ದೊಡ್ಡ ತಪ್ಪೊಂದಿದೆ. ಎಲ್ಲ ಆತ್ಮಸಂಶಯವನ್ನೂ ‘ನಿಮ್ಮ ಆಲೋಚನೆಯ ದೋಷ’ ಎಂದು ತಳ್ಳಿಹಾಕುವುದು ಅನ್ಯಾಯ. ಕಲಬುರಗಿ ಕಡೆಯ ಹುಡುಗಿಯ ಕನ್ನಡವನ್ನು ಸೆಟ್ಟಿನಲ್ಲಿ ಪ್ರತಿದಿನ ಅಣಕಿಸಿದರೆ, ದಲಿತ ಕವಿಯ ಪುಸ್ತಕಕ್ಕೆ ‘ಅನುಭವ ಇದೆ, ಕಲೆ ಇಲ್ಲ’ ಎಂಬ ಒಂದೇ ಷರಾ ವರ್ಷಗಟ್ಟಲೆ ಬೀಳುತ್ತಿದ್ದರೆ, ಅವರ ಸಂಶಯ ಅವರೊಳಗೆ ಹುಟ್ಟಿದ್ದಲ್ಲ, ಹೊರಗಿನವರು ಬಿತ್ತಿದ್ದು. ಅಲ್ಲಿ ನೋಟ್‌ಬುಕ್ಕಿನ ಗೆರೆ ಸಾಲದು. ಬಿತ್ತಿದವರ ಹೆಸರು ಹೇಳಲು ಜೊತೆ ನಿಲ್ಲಬೇಕು.

ಎಲ್ಲೆಯೂ ತಿಳಿದಿರಬೇಕು. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕಿರುವುದೇ ಬೇಡ ಅನ್ನಿಸುತ್ತಿದೆ ಎಂದರೆ ಅದನ್ನು ಕಲಾವಿದನ ಸೂಕ್ಷ್ಮತೆ ಎಂದು ಸಿಂಗರಿಸಬೇಡಿ. ಅದು ಖಿನ್ನತೆಯಿರಬಹುದು. ಮನೋವೈದ್ಯರ ಬಳಿ ಹೋಗಬೇಕು, ಔಷಧಿ ಬೇಕಾಗಬಹುದು. ನೋವು ಹೋದರೆ ಕಲೆಯೂ ಹೋಗುತ್ತದೆ ಎಂಬ ನಂಬಿಕೆ ಎಷ್ಟೋ ಒಳ್ಳೆಯವರನ್ನು ಚಿಕಿತ್ಸೆಯಿಂದ ದೂರ ಇಟ್ಟಿದೆ. ಚೇತರಿಸಿಕೊಂಡ ಮೇಲೆ ಬರೆದ ಕಾನ್ಸರ್ಟೊ ನಿಮ್ಮ ಮುಂದಿದೆ.

ಮನಸ್ಸಿನ ಮಾತನ್ನು ಕನ್ನಡದಲ್ಲಿ ಆಡುವುದಕ್ಕೆ ನಮಗೆ ಪರಂಪರೆಯೇ ಇದೆ. ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಕಟ್ಟಿ ನಾಡನ್ನು ನಗಿಸಿದ ರಾಶಿ ವೈದ್ಯರು. ಮನಸ್ಸಿನ ಬಗ್ಗೆ ಅವರು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಹಳ್ಳಿಯ ಓದುಗರಿಗೂ ಮುಟ್ಟುವಂತೆ ದಶಕಗಳ ಕಾಲ ಬರೆದರು. ತ್ರಿವೇಣಿಯವರ ‘ಶರಪಂಜರ’ವನ್ನು ನಮ್ಮ ತಾಯಂದಿರು ಓದಿದರು, 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಅತ್ತರು. ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಮನೆಯವರ, ಊರಿನವರ ಅನುಮಾನದ ಕಣ್ಣು ಹೇಗೆ ಮತ್ತೆ ಕೆಡವುತ್ತದೆ ಎಂಬುದನ್ನು ತ್ರಿವೇಣಿ ತೋರಿಸಿ ಅರವತ್ತು ವರ್ಷಗಳೇ ಕಳೆದಿವೆ. ಇಂದಿಗೂ ‘ನಿಮ್ಹಾನ್ಸ್‌ಗೆ ಹೋಗಿದ್ದೆ ಅಂತ ಗೊತ್ತಾದ್ರೆ ಪಾತ್ರ ಕೊಡ್ತಾರಾ?’ ಎಂದು ನಟರು ನನ್ನನ್ನು ಕೇಳುತ್ತಾರೆ. ಅವರ ಭಯ ಸುಳ್ಳಲ್ಲ.

ಆದ್ದರಿಂದ ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ರೆಪರ್ಟರಿ, ಯಕ್ಷಗಾನ ಮೇಳ, ಧಾರಾವಾಹಿ ನಿರ್ಮಾಣ ಸಂಸ್ಥೆ, ಪತ್ರಿಕಾಲಯ, ಲಲಿತಕಲಾ ಕಾಲೇಜು ಎಲ್ಲವೂ ಒಬ್ಬ ಸಮಾಲೋಚಕರನ್ನು ಗೊತ್ತುಮಾಡಿಕೊಳ್ಳಲಿ. ಯಾರು ಹೋದರು, ಏನು ಹೇಳಿದರು ಎಂಬುದು ಮಾಲೀಕರಿಗಾಗಲಿ ನಿರ್ದೇಶಕರಿಗಾಗಲಿ ತಿಳಿಯಕೂಡದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದೇ ಒಪ್ಪಿದೆ. ಅಕಾಡೆಮಿಗಳು ಪುಸ್ತಕಕ್ಕೆ, ಪ್ರದರ್ಶನಕ್ಕೆ ಸಹಾಯಧನ ಕೊಡುವಾಗ ಅದರಲ್ಲೊಂದು ಸಣ್ಣ ಪಾಲನ್ನು ಸಮಾಲೋಚನೆಗೆಂದು ಇಡಲಿ. ಈ ದತ್ತಿಯ ಕುಟುಂಬದವರು ಮುಂದಿನ ವರ್ಷ ಉಪನ್ಯಾಸದ ಬದಲು ಬರಹಗಾರರ ಒಂದು ಗುಂಪು ಸಮಾಲೋಚನೆಯನ್ನು ಏರ್ಪಡಿಸುವುದಾದರೆ ನಡೆಸಿಕೊಡಲು ನಾನು ಸಿದ್ಧಳಿದ್ದೇನೆ, ಸಂಭಾವನೆ ಬೇಡ.

ಅಲ್ಲಿಯವರೆಗೆ ಕಾಯಲಾಗದವರು ಈ ಸಭೆಯಲ್ಲೇ ಇರಬಹುದು. ಅವರಿಗಾಗಿ ಹೇಳುತ್ತೇನೆ. ಟೆಲಿಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.